ಒಣಗದ ಬಾಗಿಲು

ಕಾರಿನ ಟಯರು ಹೋಗಬಹುದಿತ್ತು. ಅದು ಹೋದರೆ ಹಾಕಲೆಂದು ಇಟ್ಟ ಇನ್ನೊಂದು ಟಯರಿನ ಗಾಳಿಯೂ ಅಷ್ಟರಲ್ಲಿ ಇಳಿದಿರಬಹುದಿತ್ತು. ಶಹಾಪುರ ದಾಟುತ್ತಲೇ ಎದುರಿಗೆ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು ಬಂದು, ಅದಕ್ಕೆ ದಾರಿ ಬಿಡಲು ನಾನು ಕಾರನ್ನು ಪಕ್ಕಕ್ಕಿಳಿಸಿ, ಹಿಂದಿನ ಸೀಟಿನಲ್ಲಿ ಸಾಲಾಗಿ ನಿಲ್ಲಿಸಿದ ಚಿತ್ರಗಳು ಒಂದರ ಮೇಲೊಂದು ವಾಲಿ, ಬೋನಾಳದ ಅಗಸಿಯ ಚಿತ್ರ ಹೋಗಿ ವನದುರ್ಗದ ಬಾಗಿಲಿನ ಚಿತ್ರಕ್ಕೆ ಮೆತ್ತಿಕೊಳ್ಳಬಹುದಿತ್ತು. ಚಿತ್ರಗಳನ್ನು ಮಂದಿಗೆ ತೋರಿಸಬೇಕಿದ್ದ ಸಮುದಾಯ ಭವನದ ಕೀಲಿ ಇಟ್ಟುಕೊಂಡವನು ಕೀಲಿ ಸಮೇತ ಮದುವೆಗೆ ಹೋಗಿರಬಹುದಿತ್ತು. ಕೀಲಿ ಸಿಕ್ಕರೂ ಒಳಗೆ ಯಾರೋ ಜೋಳದ ಚೀಲ ಒಟ್ಟಿರಬಹುದಿತ್ತು. ಕರೆಂಟು ಹೋಗಿ, ಸೆಕೆಗೆ ಕಿಟಕಿ ತೆರೆದು, ಕಿಟಕಿಯಿಂದ ಬಿಸಿಗಾಳಿ ಧೂಳು ತಂದು, ಇನ್ನೂ ಹಸಿಯಾಗಿಯೇ ಇದ್ದ ಆ ಒಂದು ಚಿತ್ರದ ಮೇಲೆ ಹಪ್ಪಳಕ್ಕೆ ಜೀರಿಗೆ ಉದುರಿಸಿದಂತೆ ಉದುರಿಸಬಹುದಿತ್ತು. ನೊಣ ಕೂತು ಏಳಲಾರದೆ ಅಲ್ಲೇ ಉಳಿಯಬಹುದಿತ್ತು. ಆಡು ನುಗ್ಗಬಹುದಿತ್ತು. ಹುಡುಗರು ಬೆರಳಾಡಿಸಬಹುದಿತ್ತು, ಅದಕ್ಕೆಂದೇ ಹಗ್ಗ ತಂದಿದ್ದೆ. ಚಿತ್ರ ಬರೆದ ಅಕ್ಕೋರಿಗೆ ದಮ್ಮು ಹತ್ತಿ ಉಸಿರು ಕಟ್ಟಬಹುದಿತ್ತು. ಯಾರೂ ಬಾರದೆ ಇರಬಹುದಿತ್ತು. ಎಲ್ಲರೂ ಬರಬಹುದಿತ್ತು, ಅದು ಇನ್ನೂ ಕಷ್ಟ, ಯಾಕೆಂದರೆ ಚಹಾ ನಾನು ಅಂದಾಜಿನ ಮೇಲೆ ಹೇಳಿದ್ದೆ.

"ಭೂಕಂಪ ಒಂದು ಬಿಟ್ಟೀರಿ ನೋಡ್ರಿ. ಅದನ್ನೂ ಲೆಕ್ಕಕ್ಕ ಹಿಡೀರಿ," ಎಂದಳು ನನ್ನ ಹೆಂಡತಿ. ಅವಳು ಚೇಷ್ಟೆಗೆ ಅಂದದ್ದು. ನಾನು ಶಹಾಪುರದ ಗುಡ್ಡದ ಬಂಡೆಗಳನ್ನು ನೆನೆದು ಇನ್ನೊಂದಿಷ್ಟು ಹೊತ್ತು ಕೂತೆ.

ಇದರಲ್ಲಿ ಯಾವುದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು ಸಣ್ಣ ಸಂಗತಿ, ಮತ್ತು ಇಷ್ಟು ವರ್ಷ ಚಿಂತೆಯಲ್ಲೇ ಪಳಗಿದ ನನ್ನಂಥವನಿಗೂ ಅದು ಮೊದಲೇ ಹೊಳೆದಿರಲಿಲ್ಲ. ಅದನ್ನು ಹೇಳುವ ಮೊದಲು ಅಕ್ಕೋರ ಬಗ್ಗೆ ಹೇಳಬೇಕು. ಈ ಮಳೆಗಾಲದ ಮೊದಲಿಗೆ ಅವರು ಹುಬ್ಬಳ್ಳಿಯಲ್ಲಿ, ತಮ್ಮನ ಮಗಳ ಮನೆಯಲ್ಲಿ, ತೀರಿಕೊಂಡರು. ಆ ಹುಡುಗಿಯೇ ಫೋನು ಮಾಡಿದಳು. "ಅತ್ತಿ ಫೋನಿನ್ಯಾಗ ಭಾಳ ಮಂದಿ ಇಲ್ರಿ ಸರ್. ಗ್ಯಾಸಿನವ್ರು, ಡಾಕ್ಟರು, ನೀವು. ಅದಕ್ಕ ನಿಮಗ ಹಚ್ಚಿದೆ." ಯಾರಿಗೆಲ್ಲ ತಿಳಿಸಬೇಕು ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆ ಅಂದೆ. ಇವತ್ತಿನವರೆಗೂ ಹೇಳಿಲ್ಲ, ಯಾಕೆಂದರೆ ಹೇಳಲು ಹೆಸರಿಲ್ಲ. ಆಕೆಗೂ ಅದು ಗೊತ್ತಾಗಿರಬೇಕು, ಮತ್ತೆ ಕೇಳಲಿಲ್ಲ.

ಶಹಾಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ಹಿಂದಿ ಕಲಿಸುತ್ತಿದ್ದರು, ನಾನು ಗಣಿತ. ಊಟದ ನಂತರದ ಮೊದಲ ಪೀರಿಯಡ್ಡು ಅವರದು, ಎರಡನೆಯದು ನನ್ನದು. ಅವರು ಮಲಗಿಸಿದ ಹುಡುಗರನ್ನು ನಾನು ಏಳಿಸಬೇಕಾಗಿತ್ತು. ಹಾಗೆ ಅಂದರೆ ಅವರೇ ನಗುತ್ತಿದ್ದರು: "ಮಲಗಿದ ಹುಡುಗ್ರು ಭಾಳ ಚಂದ ಕಾಣ್ತಾವ ಮಾಸ್ತರ. ನೀವು ಎಬ್ಬಿಸಿ ಕೆಡಿಸ್ತೀರಿ."

ಧಾರವಾಡದ ಕಡೆಯವರು. ಹರೆಯದಲ್ಲೇ ಸುರಪುರದ ಹತ್ತಿರದ ಒಂದು ಶಾಲೆಗೆ ಬಂದವರು ಆಮೇಲೆ ಕಕ್ಕೇರಾ, ಆಮೇಲೆ ಶಹಾಪುರ ಎಂದು ಇದೇ ಸೀಮೆಯಲ್ಲಿ ನೌಕರಿ ಮುಗಿಸಿದರು. ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದವರಿಗೆ "ನೆನಪ ಹಾರಿತ್ರಿ" ಎನ್ನುತ್ತಿದ್ದರು. ನಮ್ಮ ಮಾತನ್ನು ನಮ್ಮ ಹಾಗೆಯೇ ಆಡುತ್ತಿದ್ದರು, ನಮ್ಮ ಬಿಸಿಲನ್ನು ನಮಗಿಂತ ಚೆನ್ನಾಗಿ ತಡೆಯುತ್ತಿದ್ದರು, ಪುಂಡಿಪಲ್ಲೆಗೆ ನಮಗಿಂತ ಹೆಚ್ಚು ಖಾರ ಹಾಕುತ್ತಿದ್ದರು. ಆದರೂ ಬಸ್ಸಿನಲ್ಲಿ, ಸಂತೆಯಲ್ಲಿ, ದವಾಖಾನೆಯಲ್ಲಿ ಮಂದಿ ಕೇಳುವುದು ತಪ್ಪಲಿಲ್ಲ. "ನಿಮ್ಮೂರು ಯಾವ್ದ್ರಿ?" ಮೊದಮೊದಲು "ಇದೇ ಊರ್ರಿ" ಎನ್ನುತ್ತಿದ್ದರಂತೆ. "ಅದಲ್ರಿ, ಖರೇ ಊರು?" ಎಂದು ಮತ್ತೆ ಕೇಳುತ್ತಿದ್ದರಂತೆ. ಒಬ್ಬರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅಷ್ಟು ವರ್ಷ, ಅಷ್ಟು ಜನ.

ಎಣ್ಣೆಬಣ್ಣದಲ್ಲಿ ಅವರು ಹಳೇ ಕಟ್ಟಡಗಳ ಚಿತ್ರ ಬರೆಯುತ್ತಾರೆ ಎಂಬುದು ನಿವೃತ್ತಿಯ ದಿನದವರೆಗೂ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸನ್ಮಾನದ ಹಾರ, ಶಾಲು, ತೆಂಗಿನಕಾಯಿ ಎತ್ತಿಕೊಂಡು ಅವರನ್ನು ಮನೆಗೆ ಬಿಡಲು ಹೋದವನು ನಾನು. ಬಾಗಿಲು ತೆರೆದರೆ ಟರ್ಪೆಂಟೈನಿನ ವಾಸನೆ. ಗ್ಯಾಸು ಸೋರುತ್ತಿದೆಯೆಂದು ನಾನು ಹಾರಿ ಹೊರಗೆ ನಿಂತೆ. ಒಳಗೆ ಅವರು ನಗುತ್ತಿದ್ದರು. ಎರಡು ಕೋಣೆಯ ಬಾಡಿಗೆ ಮನೆ, ಗೋಡೆಯ ತುಂಬ ಬೇರೆ ಗೋಡೆಗಳು. ಕೋಟೆಯ ಗೋಡೆ, ಬಾವಿಯ ಗೋಡೆ, ಗುಮ್ಮಟದ ಬೆನ್ನು, ಯಾವುದೋ ವಾಡೆಯ ಹಿತ್ತಲಲ್ಲಿ ಕಣಗಿಲೆ ಗಿಡ, ಮಲ್ಲಿಗೆ ಹಬ್ಬಿದ ಮುರುಕು ಕಮಾನು, ತುಳಸಿಕಟ್ಟೆಯ ಮೇಲೆ ಮಧ್ಯಾಹ್ನ. ಒಂದರಲ್ಲೂ ಮನುಷ್ಯರಿರಲಿಲ್ಲ.

"ಮಂದಿ ಎಲ್ಲಿ ಅಕ್ಕೋರ?" ಎಂದೆ.

"ಗ್ವಾಡಿ ಸುಮ್ನ ಕುಂತಿರ್ತದ ಮಾಸ್ತರ. ನೀವು ಯಾವೂರವ್ರು ಅಂತ ಕೇಳಂಗಿಲ್ಲ."

ನಾನು ಆಗಷ್ಟೇ ಒಂದು ಹಳೇ ಕಾರು ಕೊಂಡಿದ್ದೆ. ಕೊಂಡ ಮೇಲೆ ಗೊತ್ತಾದದ್ದು, ನನಗೆ ಅದನ್ನು ಊರೊಳಗೆ ಓಡಿಸಲು ಧೈರ್ಯವಿಲ್ಲ. ಎಮ್ಮೆಯಿಲ್ಲದ, ಆಟೋ ಇಲ್ಲದ, ಶಾಲೆಯ ಹುಡುಗರು ನೋಡದ ಖಾಲಿ ರಸ್ತೆ ನನಗೆ ಬೇಕಿತ್ತು. ಹಲಗೆ, ಕಾಲುಮಣೆ, ಬಣ್ಣದ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಹೋಗಲು ಅವರಿಗೆ ಆಗುತ್ತಿರಲಿಲ್ಲ. ಇಬ್ಬರ ಗರಜೂ ಕೂಡಿ, ಭಾನುವಾರಕ್ಕೊಮ್ಮೆ ಹಳೇ ಗೋಡೆ ಹುಡುಕಿಕೊಂಡು ಹೊರಡತೊಡಗಿದೆವು. ಮೊದಲ ಭಾನುವಾರ ನನ್ನ ಹೆಂಡತಿಯೂ ಬಂದಳು. ಬೆಳಗಿನಿಂದ ಸಂಜೆಯವರೆಗೆ ಬಿರುಕು ಬಿಟ್ಟ ಗೋಡೆಯೊಂದರ ಮುಂದೆ ಕೂತು ಎದ್ದವಳು, "ಇನ್ನ ಮ್ಯಾಲ ನೀವಿಬ್ರೇ ಹೋಗ್ರಿ. ನನಗೇನೂ ಫಿಕರಿಲ್ಲ," ಎಂದು ಕೈಮುಗಿದಳು.

ಅವರು ಕೆಲಸ ಮಾಡುವುದನ್ನು ನೋಡುವುದೇ ನನಗೊಂದು ಗಾಬರಿ. ಕುಂಚವನ್ನು ಸೆರಗಿನ ಒಳಬದಿಗೆ ಒರೆಸುತ್ತಿದ್ದರು. ಟರ್ಪೆಂಟೈನು ಸ್ಟೀಲಿನ ಡಬ್ಬಿಯಲ್ಲಿ, ಮಜ್ಜಿಗೆ ಇನ್ನೊಂದು ಅಂಥದೇ ಡಬ್ಬಿಯಲ್ಲಿ, ಎರಡೂ ಪಕ್ಕಪಕ್ಕ. ಬಣ್ಣದ ಬೆರಳಲ್ಲೇ ರೊಟ್ಟಿ ಮುರಿಯುವರು. ಆ ಬಣ್ಣದಲ್ಲಿ ವಿಷವಿರುತ್ತದೆ, ಎಲ್ಲೋ ಓದಿದ್ದೇನೆ, ಎಂದು ನಾನು ಎಚ್ಚರಿಸಿದರೆ, "ಅರವತ್ತು ದಾಟೀನಿ. ಈಗ ವಿಷಕ್ಕೂ ಏನ್ ಅರ್ಜಂಟ್ ಇರೂದಿಲ್ಲ ಬಿಡ್ರಿ" ಎಂದು ಇನ್ನೊಂದು ತುತ್ತು ಹಿಂಡಿಚಟ್ನಿಗೆ ಅದ್ದುವರು. ಒಂದು ಕಣ್ಣು ಮುಚ್ಚಿ, ತುಟಿ ಕಚ್ಚಿ, ಗೋಡೆಯನ್ನು ಬಹಳ ಹೊತ್ತು ನೋಡುವರು. ಕೈ ಆಡುವುದು ಕಡಿಮೆ, ನೋಡುವುದೇ ಹೆಚ್ಚು. ಒಮ್ಮೆ ನೆರಳಿಗೆ ಕಪ್ಪು ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. "ನಮ್ಮ ಕಡಿ ಬಿಸಲಿಗೆ ನೆರಳೂ ಬಿಸಿ ಇರ್ತದ. ಕೈ ಇಟ್ಟು ನೋಡ್ರಿ," ಎಂದರು. ಕೈ ಇಟ್ಟು ನೋಡಿದೆ. ನೆರಳಿನ ಕಲ್ಲು ಸುಡುತ್ತಿತ್ತು. ಚಿತ್ರದಲ್ಲಿ ಅವರು ಅಲ್ಲಿ ನೇರಳೆಯೊಳಗೆ ಒಂದಿಷ್ಟು ಹುರುಮಂಜಿನ ಕೆಂಪು ಬೆರೆಸಿದ್ದರು. ಎಲ್ಲಿ ಕಲಿತಿರಿ ಎಂದರೆ, "ಗ್ವಾಡಿ ನೋಡಿ."

ಬೋನಾಳದ ಅಗಸಿಯ ಕತೆ ಹೇಳಬೇಕು. ಕೆರೆಯ ಹಕ್ಕಿ ನೋಡಲು ಬರುವವರು ಆ ಹಳೇ ಊರಬಾಗಿಲನ್ನು ಕತ್ತೆತ್ತಿ ನೋಡುವುದಿಲ್ಲ. ಅಕ್ಕೋರು ಒಂದು ಭಾನುವಾರ ಪೂರ್ತಿ ಅದರ ಮುಂದೆ ಕೂತು ಅರ್ಧ ಚಿತ್ರ ಬರೆದರು. ಹಾವಸೆ ಕಟ್ಟಿದ ಕಲ್ಲು, ನಡುವೆ ಸೀಳು, ಸೀಳಿನಲ್ಲಿ ಹುಟ್ಟಿದ ಅರಳಿ. ಹೊರಡುವಾಗ ಕಟ್ಟೆಯ ಮೇಲಿನ ಹಿರಿಯರಿಗೆ, ಮುಂದಿನ ವಾರ ಬಂದು ಮುಗಿಸುತ್ತೇನೆ ಎಂದು ಹೇಳಿದರು. ಮುಂದಿನ ವಾರ ಹೋದರೆ ಅರಳಿ ಕಿತ್ತು, ಸೀಳಿಗೆ ಸಿಮೆಂಟು ಮೆತ್ತಿ, ಅಗಸಿಗೆಲ್ಲ ಸುಣ್ಣ ಬಳಿದಿದ್ದರು. ಸುಣ್ಣಕ್ಕೆ ನೀಲಿ ಕಲಸಿದ್ದರು. ಕೆಳಗೆ ಕೆಂಪು ಪಟ್ಟಿ ಬೇರೆ.

"ಚಿತ್ರದಾಗ ಬರ್ತದಂದ್ರ ಹೊಲಸ ಇದ್ರ ಹ್ಯಾಂಗ್ರಿ ಅಕ್ಕೋರ?" ಎಂದರು ಒಬ್ಬ ಹಿರಿಯರು. ಅವರ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. "ಫೋಟೋಕ್ಕ ನಿಲ್ಲೂ ಮುಂದ ನಾವು ಮಾರಿ ತೊಳಕೊಳ್ಳೂದಿಲ್ಲೇನು? ಹಂಗ."

ನಾನು ಅಕ್ಕೋರ ಮುಖ ನೋಡಿದೆ. ಅವರು, "ಛಲೋ ಆಗ್ಯದ್ರಿ ಯಜಮಾನ್ರ," ಎಂದರು. ನೀಲಿಯನ್ನು ಬರೆಯಲಿಲ್ಲ. ನೆನಪಿನ ಮೇಲೆಯೇ ಹಾವಸೆ, ಸೀಳು, ಅರಳಿ ಮುಗಿಸಿದರು. ಸಂಜೆ ಹಿರಿಯರು ಬಗ್ಗಿ ಚಿತ್ರ ನೋಡಿ ಮೆಚ್ಚಿದರು. ಮೆಚ್ಚಿ, ತಿರುಗಿ ಕೇಳಿದರು: "ಇದ್ಯಾವೂರ ಅಗಸಿ ರೀ?"

ವಾಪಸು ಬರುವಾಗ ಕಾರಿನಲ್ಲಿ ಅಕ್ಕೋರು ಒಂದು ಮಾತು ಹೇಳಿದರು. ಅವರು ತಮಗೆ ಏನಾದರೂ ಬೇಕು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಚಂದ ಅದ ಅನ್ನೂದು ಬ್ಯಾಡ ಮಾಸ್ತರ. ಒಬ್ರರ ನೋಡಿ, ಇದು ನಮ್ದು ಅನ್ಬೇಕು. ಅಷ್ಟಾದ್ರ ಸಾಕು ನನಗ. ಹೊರಗಿನಾಕಿ ಬರದದ್ದು ಖರೇ ಇತ್ತು ಅಂತ ಗೊತ್ತಾಗ್ತದ."

ಸಿಗುತ್ತಾರೆ ಎಂದೆ. ಸಿಗದಿದ್ದರೆ ಎಂಬ ಚಿಂತೆ ಅವತ್ತಿನಿಂದ ನನ್ನದಾಯಿತು.

ವನದುರ್ಗದ ಬಾಗಿಲು ಸಿಕ್ಕಿದ್ದು ಅದೇ ಚಳಿಗಾಲದಲ್ಲಿ. ಕೋಟೆ ನೋಡಲು ಹೋದವರು ಓಣಿಯೊಂದರಲ್ಲಿ ಗಕ್ಕನೆ ನಿಂತುಬಿಟ್ಟರು. ಮನೆ ಇರಲಿಲ್ಲ. ಮಾಳಿಗೆ ಬಿದ್ದು, ಗೋಡೆ ಕರಗಿ, ಮಣ್ಣು ಮಣ್ಣಿಗೆ ಸೇರಿ, ಬಾಗಿಲಿನ ಚೌಕಟ್ಟೊಂದೇ ನೆಟ್ಟಗೆ ನಿಂತಿತ್ತು. ಅದರೊಳಗಿಂದ ನೋಡಿದರೆ, ಒಂದು ಕಾಲಕ್ಕೆ ಪಡಸಾಲೆ, ದೇವರಮನೆ ಇದ್ದ ಜಾಗದಲ್ಲೆಲ್ಲ ಗಿಡ. ಹಿತ್ತಲು ತಾನಾಗಿಯೇ ನಡೆದು ಮನೆಯೊಳಗೆ ಬಂದು ಕೂತಂತೆ. ದಾಳಿಂಬೆ ಗಿಡವೊಂದು ಎಲ್ಲದರ ನಡುವೆ ಹೂಬಿಟ್ಟುಕೊಂಡು ನಿಂತಿತ್ತು, ಸುತ್ತ ಗೋರಂಟಿ, ಒಂದು ಬದಿಗೆ ಹಾಗಲಬಳ್ಳಿ. ಯಾರೂ ನೀರು ಹಾಕದ ತೋಟ.

"ಇದು ಯಾರ ಮನಿ ರೀ?" ಎಂದು ಅಕ್ಕೋರು ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳಿದರು.

"ಯಾರದೋ ರೀ. ಬಿದ್ದು ಭಾಳ ದಿನ ಆತು." ಎಲ್ಲರದೂ ಅದೇ ಉತ್ತರ. "ಯಾರದೋ."

ಆ ಚಿತ್ರಕ್ಕೆ ಅವರು ಮೊದಲ ಸಲ ಊರಿನ ಎಣ್ಣೆ ಹಾಕಿದರು. ಬಣ್ಣ ಕಲಸಲು ಬೇಕಾದ ಅಗಸೆ ಎಣ್ಣೆಯನ್ನು ಅದುವರೆಗೆ ಹೈದರಾಬಾದಿನಿಂದ ಸೀಸೆಯಲ್ಲಿ ತರಿಸುತ್ತಿದ್ದರು. "ನಮ್ಮ ಹೊಲದಾಗ ಅಗಸಿ ಬೆಳೀತಾರ, ಸುರಪುರದಾಗ ಗಾಣ ಅದ. ಈ ಊರ ಬಾಗಲಕ್ಕ ಪರಊರ ಎಣ್ಣಿ ಯಾಕ?" ಎಂದರು. ಗಾಣದ ಸಾಹುಕಾರ ಡಬ್ಬಿ ತುಂಬಿಸಿ, ಡಬ್ಬಿಯ ಬಾಯಿಯನ್ನು ತನ್ನ ಟವೆಲಿನಿಂದ ಒರೆಸಿ, "ಉಂಡು ಆರಾಮ ಇರ್ರಿ ಅಕ್ಕೋರ" ಎಂದು ಕೊಟ್ಟ. ಅವನು ಎಲ್ಲರಿಗೂ ಹಾಗೇ ಹೇಳುತ್ತಾನೆ ಎಂದು ನಾವಿಬ್ಬರೂ ತಿಳಿದೆವು.

ಚಿತ್ರ ಮುಗಿಯಿತು. ಒಣಗಲಿಲ್ಲ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಯಾದಗಿರಿ ಸೀಮೆಯ ಬಿಸಿಲು ನೆಲದಿಂದಲೂ ಆಕಾಶದಿಂದಲೂ ಬರತೊಡಗಿತು. ನಮ್ಮ ಹೆಂಚಿನ ಮೇಲಿಟ್ಟ ಉಪ್ಪಿನ ಮೆಣಸಿನಕಾಯಿ ಮಧ್ಯಾಹ್ನದೊಳಗೆ ಗಲಗಲ ಅನ್ನುವ ಕಾಲ. ಆದರೆ ಆ ಬಾಗಿಲು ನಿನ್ನೆ ಬರೆದಷ್ಟು ಹಸಿ. ನಾನು ಹೋದಾಗಲೆಲ್ಲ ಅಂಚಿಗೆ ಕಿರುಬೆರಳು ತಾಗಿಸಿ ನೋಡುವೆ, ಬೆರಳಿಗೆ ಬಣ್ಣ ಬರುವುದು, ಅಕ್ಕೋರು ಆ ಅಂಚನ್ನು ಮತ್ತೆ ತಿದ್ದುವರು. "ನೀವು ನೋಡೂದು ಬಿಟ್ರ ಅದು ಒಣಗ್ತದ," ಎನ್ನುವರು.

ಕೊನೆಗೆ ನಾನೇ ಅವರನ್ನು ಕರೆದುಕೊಂಡು ಗಾಣಕ್ಕೆ ಹೋದೆ. "ಸಾವ್ಕಾರ್ರ, ತಪ್ಪು ತಿಳ್ಕೋಬ್ಯಾಡ್ರಿ. ಎಣ್ಣ್ಯಾಗ ಏನರ ಕೂಡಿಸಿದ್ರೇನು?"

ಅವನು ಎದ್ದೇ ನಿಂತ. "ಕಲಬೆರಕಿ ಅಂತೀರೇನ್ರಿ ನನಗ? ನಮ್ಮಪ್ಪನ ಕಾಲದ ಗಾಣದು!"

"ಹಂಗಲ್ರಿ," ಎಂದರು ಅಕ್ಕೋರು. "ಎಣ್ಣಿ ಒಣಗವಲ್ದು."

"ಎಣ್ಣಿ ಯಾಕ ಒಣಗಬೇಕ್ರಿ?"

 ಅಕ್ಕೋರು ಚಿತ್ರದ ವಿಷಯ ಮತ್ತೆ ಹೇಳಿದರು. ಸಾಹುಕಾರ ನನ್ನ ಕಡೆ ನೋಡಿ, ದನಿ ಇಳಿಸಿ, ಅವರಿಗಷ್ಟೇ ಕೇಳುವಂತೆ ಅಂದುಕೊಂಡು ಇಡೀ ಪೇಟೆಗೆ ಕೇಳುವಂತೆ ಹೇಳಿದ: "ಸಿಟ್ಟಾಗಬ್ಯಾಡ್ರಿ ಅಕ್ಕೋರ. ಬರೀ ಅಗಸಿ ಎಣ್ಣಿ ಯಾರ ತಿಂತಾರ್ರಿ? ಬಾಯಿಗೆ ಕಹಿ. ನಿಮ್ಮ ಕೈ ನೋಡ್ಕೋರಿ, ಜ್ವಾಳದ ದಂಟ ಆಗ್ಯಾವು. ಅದಕ್ಕ ಅರ್ಧ ಶೇಂಗಾ ಎಣ್ಣಿ ಹಾಕೀನಿ. ಅದನ್ನ ಲೆಕ್ಕಕ್ಕ ಹಿಡದಿಲ್ಲ ನಾ."

"ಚಿತ್ರಕ್ಕ ಬೇಕಂತ ಹೇಳಿದ್ನೆಲ್ರಿ?"

"ಹೇಳಿದ್ರಿ. ನಾಚಿಕಿಗೆ ಹಂಗಂತೀರಿ ಅಂದ್ಕೊಂಡೆ. ಒಬ್ಬಾಕಿ ಹೆಣ್ಮಗಳು, ಸೋವಿ ಎಣ್ಣಿ ಒಯ್ತಾಳ, ತಿನ್ನಾಕ ಅಂತ ಹ್ಯಾಂಗ ಬಾಯಿಬಿಟ್ಟು ಹೇಳ್ಯಾಳು? ಎಣ್ಣಿ ತಗೊಂಡು ಯಾರರ ಚಿತ್ರಕ್ಕ ಹಚ್ಚತಾರೇನ್ರಿ?"

ಅಗಸೆ ಎಣ್ಣೆ ಗಾಳಿಗೆ ತಾನೇ ಒಣಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ಇನ್ನು ಆ ಚಿತ್ರ ನೆಟ್ಟಗೆ ಒಣಗುವುದೇ ಇಲ್ಲ ಎಂದು ಅಕ್ಕೋರಿಗೆ ಅಲ್ಲೇ ಗೊತ್ತಾಯಿತು. ಅವರು ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದು ನಾನು ಎರಡಕ್ಕೂ ತಯಾರಾಗಿ ನಿಂತೆ. ಅವರು ಡಬ್ಬಿ ಮುಂದೆ ಹಿಡಿದು, "ಇನ್ನೊಂದೀಟು ಹಾಕ್ರಿ" ಎಂದರು. ಕಾರು ಹತ್ತಿದೆವು. ಶಹಾಪುರದ ಗುಡ್ಡ ಕಾಣುವಾಗ ಹೇಳಿದರು: "ಮಾಸ್ತರ, ನಾ ಮನ್ಯಾಗ ಏನ್ ಉಣ್ತಿರಬೇಕು ಅಂತ ಒಬ್ರು ವಿಚಾರ ಮಾಡ್ಯಾರ ನೋಡ್ರಿ." ಆಮೇಲೆ ಅವರ ಮನೆಯ ಒಗ್ಗರಣೆಗೆಲ್ಲ ಅದೇ ಎಣ್ಣೆ. ನಿಜಕ್ಕೂ ಕಹಿಯಿತ್ತು.

ಹೊಸ ಕ್ಯಾನ್ವಾಸು ಹಿಡಿದು, ಸೀಸೆಯ ಎಣ್ಣೆ ತರಿಸಿ, ಅದೇ ಬಾಗಿಲನ್ನು ಇನ್ನೊಮ್ಮೆ ಬರೆಯಿರಿ ಎಂದು ನಾನು ದುಂಬಾಲು ಬಿದ್ದೆ. ಒಪ್ಪಿದರು. ಮುಂದಿನ ಭಾನುವಾರ ವನದುರ್ಗಕ್ಕೆ ಹೋದೆವು. ಓಣಿ ತಿರುಗಿದರೆ ಬಯಲು. ಚೌಕಟ್ಟು ಇರಲಿಲ್ಲ, ದಾಳಿಂಬೆ ಇರಲಿಲ್ಲ. ಮಣ್ಣು ಸಪಾಟಾಗಿತ್ತು, ಅದರ ಮೇಲೆ ಯಂತ್ರದ ಗಾಲಿಯ ಅಚ್ಚು.

"ರಸ್ತಾ ಬರ್ತದ್ರಿ," ಎಂದ ಅಲ್ಲಿ ಬೀಡಿ ಸೇದುತ್ತ ನಿಂತಿದ್ದವನು. "ಯಾರದೋ ಬಿದ್ದ ಮನಿ ಇತ್ತು."

ಅಕ್ಕೋರು ಕಾರಿನಿಂದ ಪೆಟ್ಟಿಗೆ ಇಳಿಸಲೂ ಇಲ್ಲ. ಅಷ್ಟೊತ್ತಿಗೆ ಅವರ ದಮ್ಮು ಹೆಚ್ಚಾಗಿತ್ತು. ಟರ್ಪೆಂಟೈನಿನ ಹತ್ತಿರ ಹೋಗಕೂಡದು ಎಂದು ಡಾಕ್ಟರು ಹೇಳಿಯಾಗಿತ್ತು, ಹುಬ್ಬಳ್ಳಿಯ ಹುಡುಗಿ ಬಂದುಬಿಡು ಎಂದು ಕರೆಯುತ್ತಿದ್ದಳು. ಹೋಗುವ ಮೊದಲು ಚಿತ್ರಗಳನ್ನೆಲ್ಲ ಒಮ್ಮೆ ಮಂದಿಗೆ ತೋರಿಸಬೇಕು ಎಂದರು. ನಾನು ಉತ್ಸಾಹದಿಂದ ಯಾದಗಿರಿಯಲ್ಲಿ ಒಂದು ಸಭಾಂಗಣ, ರಿಬ್ಬನ್ನು, ಕತ್ತರಿ, ಕತ್ತರಿಸಲು ಒಬ್ಬ ದೊಡ್ಡ ಮನುಷ್ಯ, ಇಷ್ಟನ್ನೂ ಗೊತ್ತು ಮಾಡಿ ಬಂದೆ.

"ಯಾದಗಿರ್ಯಾಗ ಇಟ್ರ ಯಾದಗಿರಿ ಮಂದಿ ನೋಡ್ತಾರ. ಬಾಗಲಾ ವನದುರ್ಗದ್ದು," ಎಂದರು ಅಕ್ಕೋರು. "ವನದುರ್ಗದಾಗೇ ಇಡೋಣು."

"ಇನ್ನೊಂದು ಸ್ವಲ್ಪ ದಿನ ತಡದ್ರ? ಅದು ಒಣಗಿದ ಮ್ಯಾಲ..."

"ಅದು ಒಣಗೂತನಕ ನಾ ಒಣಗಿ ಹೋಗಿರ್ತೀನಿ ಮಾಸ್ತರ."

ಹೀಗೆ ನಾವು ಆ ಭಾನುವಾರ ವನದುರ್ಗದ ಸಮುದಾಯ ಭವನದಲ್ಲಿ ಚಿತ್ರಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದೆವು. ಹಸಿ ಬಾಗಿಲನ್ನು ಎದುರಿನ ಗೋಡೆಗೆ, ಎರಡು ಕುರ್ಚಿ ಕೂಡಿಸಿ ಅದರ ಮೇಲಿಟ್ಟೆವು. ಅದರ ಮುಂದೆ ನಾನು ಹಗ್ಗ ಕಟ್ಟಿ, ಮುಟ್ಟಬಾರದು ಎಂದು ದಪ್ಪಕ್ಷರದ ಚೀಟಿ ಅಂಟಿಸಿ, ಸಾಲದೆಂದು ಪಕ್ಕದಲ್ಲಿ ನಾನೇ ಸ್ಟೂಲು ಹಾಕಿಕೊಂಡು ಕೂತೆ. ಅಕ್ಕೋರು ಕಿಟಕಿಯ ಹತ್ತಿರ, ಚಿತ್ರ ನೋಡಲು ಬಂದ ಯಾರೋ ಒಬ್ಬರ ಹಾಗೆ, ಗೋಡೆಗೊರಗಿ ನಿಂತರು. ಬರೆದವರು ಇವರು ಎಂದು ಹೇಳಕೂಡದು ಎಂದು ನನಗೆ ಮೊದಲೇ ತಾಕೀತಾಗಿತ್ತು. "ನಾ ಅದೀನಿ ಅಂತ ಗೊತ್ತಾದ್ರ ಸುಳ್ಳು ಹೇಳ್ತಾರ."

ಮಂದಿ ಬಂದರು. ನಾನು ಹೆದರಿದಷ್ಟು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಕೋಟೆಯ ಬುರುಜು ಗುರುತಿಸಿದರು. "ನಮ್ಮ ಕೋಟಿ ಇಷ್ಟ ಕೆಂಪ ಅದೇನೋ?" ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ. "ನೀ ಸಂಜಿಮುಂದ ಎಂದರ ಎಚ್ಚರಿದ್ದು ನೋಡೀಯೇನು?" ಎಂದು ಇನ್ನೊಬ್ಬ ಅಂದ, ನಗೆಯೆದ್ದಿತು. ಒಬ್ಬ ಹೆಂಗಸು ಕಣಗಿಲೆಯ ಚಿತ್ರ ನೋಡಿ, "ಇಷ್ಟು ಹೂವು ಬಿಟ್ಟಾವು, ಒಬ್ರೂ ಹರಕೊಂಡಿಲ್ಲ, ಹಾಳ ಊರು" ಎಂದಳು. ಹಸಿ ಬಾಗಿಲಿನ ಮುಂದೆ ಎಲ್ಲರೂ ನಿಂತರು, ಎಲ್ಲರೂ ಅದನ್ನೇ ಅಂದರು.

"ಆ ಓಣ್ಯಾಗಿಂದಲ್ಲ ಇದು? ರಸ್ತಾಕ್ಕ ತಗದರಲ್ಲ?"

"ಹೌದು ಹೌದು. ಯಾರದೋ ಇತ್ತು."

ಪ್ರತಿ ಸಲ ಆ ಮಾತು ಕೇಳಿದಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅಕ್ಕೋರು ಹೊರಗೆ ನೋಡುತ್ತಿದ್ದರು. ಬಿಸಿಲೇರಿತು. ಚಹಾ ಸರಿಯಾಗಿ ಸಾಕಾಯಿತು. ಜನ ಕರಗಿದರು. ಫ್ಯಾನು ತಿರುಗುತ್ತಲೇ ಇತ್ತು. ಗಾಳಿಯಿಲ್ಲ, ಧೂಳಿಲ್ಲ, ಆಡು ಬರಲಿಲ್ಲ. ಇನ್ನು ಎಲ್ಲ ಎತ್ತಿ ಕಾರಿಗೆ ಹಾಕಬಹುದು, ಒಂದೂ ಕೆಡಲಿಲ್ಲ ಎಂಬ ಸಮಾಧಾನ ನನಗೆ ಬರತೊಡಗಿತ್ತು. ಆ ಸಮಾಧಾನದ ಬಗ್ಗೆ ಈಗಲೂ ಸ್ವಲ್ಪ ನಾಚಿಕೆಯಿದೆ, ಯಾಕೆಂದರೆ ಅಕ್ಕೋರು ಅಷ್ಟು ದೂರ ಬಂದದ್ದು ಚಿತ್ರಗಳನ್ನು ಹಾಗೇ ವಾಪಸು ಒಯ್ಯಲು ಅಲ್ಲ.

ಆಗ ಒಬ್ಬ ಮುದುಕಿ ಒಳಗೆ ಬಂದಳು. ಬಗಲಲ್ಲಿ ಬಟ್ಟೆಯ ಚೀಲ, ತಲೆಯ ಮೇಲೆ ಸೆರಗು. "ಬಸ್ ಬರಾಕ ಹೊತ್ತದಂತ್ರಿ. ಸ್ವಲ್ಪ ನೆಳ್ಳಿಗೆ ಕುಂದ್ರತೀನಿ," ಎಂದಳು. ಕಕ್ಕೇರಾಕ್ಕೆ ಕೊಟ್ಟ ಹೆಣ್ಣಂತೆ, ಇಲ್ಲಿಯವಳೇ ಅಂತೆ, ಅಣ್ಣತಮ್ಮಂದಿರು ಯಾರೂ ಉಳಿದಿಲ್ಲವಾಗಿ ಬರುವುದು ಬಿಟ್ಟು ಬಹಳ ಕಾಲವಾಯಿತಂತೆ, ಇವತ್ತು ಬೀಗರ ಕಡೆಯ ಯಾವುದೋ ಕಾರ್ಯಕ್ಕೆ ಬಂದಿದ್ದಳಂತೆ. ಇಷ್ಟನ್ನೂ ನಾನು ಕೇಳದೆ ತಾನೇ ಹೇಳಿದಳು. ಹೇಳುತ್ತ ಕುಳಿತುಕೊಳ್ಳಲು ಜಾಗ ನೋಡಿದಳು, ನೋಡುತ್ತ ಹಸಿ ಬಾಗಿಲಿನ ಎದುರಿಗೆ ಬಂದಳು. 

ಚೀಲ ಕೆಳಗಿಟ್ಟಳು. ಭವನದ ಬಾಗಿಲಲ್ಲಿ ಬಿಡದ ಚಪ್ಪಲಿಯನ್ನು ಅಲ್ಲಿ, ಆ ಚಿತ್ರದ ಮುಂದೆ, ಒಂದರ ಪಕ್ಕ ಒಂದು ಬಿಟ್ಟಳು. ಸೆರಗು ಸರಿಮಾಡಿಕೊಂಡು ಹಗ್ಗದ ಕೆಳಗಿಂದ ನುಸುಳಿದಳು. ನಾನು ಏಳುವಷ್ಟರಲ್ಲಿ ಬಗ್ಗಿ, ಚಿತ್ರದ ಬಾಗಿಲಿನ ಹೊಸ್ತಿಲನ್ನು ಬಲಗೈ ಬೆರಳುಗಳಿಂದ ಮುಟ್ಟಿ, ಆ ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ತವರಿಗೆ ಬಂದ ಹೆಣ್ಣುಮಕ್ಕಳು ಒಳಗೆ ಕಾಲಿಡುವ ಮೊದಲು ಮಾಡುವ ಹಾಗೆ.

"ಯವ್ವಾ, ಬಂದೀನಿ," ಎಂದಳು.

ಯಾರೂ ಓ ಅನ್ನಲಿಲ್ಲ. ಅವಳು ಒಳಗೆ ಇಣುಕಿ, "ಅಡಗಿಮನ್ಯಾಗ ದಾಳಿಂಬ್ರ ಯಾರ ಹಚ್ಯಾರ ನೋಡ. ಅವ್ವ ಇದ್ರ ಬೈತಿದ್ಳು," ಎಂದು ತನಗೆ ತಾನೇ ನಕ್ಕಳು.

ನಾನು ಚಿಂದಿಬಟ್ಟೆ ಹುಡುಕುತ್ತಿದ್ದೆ. ಅವಳ ಎರಡೂ ರೆಪ್ಪೆಯ ಮೇಲೆ ಹುರುಮಂಜು ಬಣ್ಣ ಹತ್ತಿತ್ತು. ಕಣ್ಣೊಳಗೆ ಹೋದರೆ, ಉರಿದರೆ, ವಿಷವಾದರೆ. ಬಟ್ಟೆ ಹಿಡಿದು ಹೊರಟವನ ತೋಳನ್ನು ಅಕ್ಕೋರು ಹಿಡಿದರು. ಕಿಟಕಿಯಿಂದ ಅವರು ಯಾವಾಗ ಬಂದರೋ ಗೊತ್ತಿಲ್ಲ. ಹಿಡಿತ ಬಿಗಿಯಾಗಿತ್ತು. ಮುಖ ನನ್ನ ಕಡೆಗಿರಲಿಲ್ಲ.

ಹೊರಗೆ ಬಸ್ಸಿನ ಹಾರನ್ನು ಕೇಳಿತು. ಮುದುಕಿ ಗಡಬಡಿಸಿ ಹಗ್ಗದ ಕೆಳಗಿಂದ ಈಚೆ ಬಂದು, ಚಪ್ಪಲಿ ಮೆಟ್ಟಿ, ಚೀಲ ಎತ್ತಿಕೊಂಡಳು. ನಮ್ಮಿಬ್ಬರನ್ನು ದಾಟಿಯೇ ಹೋದಳು. ಬರೆದವರು ಯಾರೆಂದು ಕೇಳಲಿಲ್ಲ. ಅದನ್ನು ಯಾರೋ ಬರೆದದ್ದು ಎಂದು ಅವಳಿಗೆ ಅನಿಸಿದಂತೆಯೂ ಕಾಣಲಿಲ್ಲ. ಅಕ್ಕೋರ ತುಟಿ ಒಮ್ಮೆ ಅಲುಗಿತು, ಕೂಗುತ್ತಾರೇನೋ ಅಂದುಕೊಂಡೆ. ಕೂಗಲಿಲ್ಲ. ಬಾಗಿಲವರೆಗೆ ಹೋಗಿ, ಬಸ್ಸು ಕೋಟೆಯ ಮಗ್ಗುಲಲ್ಲಿ ತಿರುಗುವವರೆಗೂ ಬಿಸಿಲಲ್ಲಿ ನಿಂತಿದ್ದರು.

"ಕುಂಚ ಕೊಡ್ಲೇನ್ರಿ ಅಕ್ಕೋರ?" ಎಂದೆ, ಬಂದ ಮೇಲೆ. "ಹಸಿ ಅದ. ಈಗೇ ತಿದ್ದಿದ್ರ ಗೊತ್ತಾಗಂಗಿಲ್ಲ."

"ಬ್ಯಾಡ್ರಿ," ಎಂದರು. 

ಹೀಗೆ ಆ ದಿನ ಕೆಟ್ಟದ್ದು ಇಷ್ಟೇ: ವನದುರ್ಗದ ಬಾಗಿಲಿನ ಹೊಸ್ತಿಲಲ್ಲಿ, ಬಲಗಡೆಗೆ, ಮೂರು ಬೆರಳಿನಗಲ ಬಣ್ಣ ಎದ್ದು ಕ್ಯಾನ್ವಾಸಿನ ಬಿಳುಪು ಕಾಣುತ್ತಿತ್ತು. ಅಲ್ಲಿದ್ದದ್ದು ಕಕ್ಕೇರಾ ಬಸ್ಸು ಹತ್ತಿ ಹೋಗಿತ್ತು.